ಚೌಮಹಲ್ಲಾದ ಚಿತ್ರಗಳ ಮುಂದೆ ಅಮ್ಮಿ

ನಮ್ಮ ಅಮ್ಮಿ ಫೋಟೋ ತೆಗೆಸಿಕೊಳ್ಳುವವರಲ್ಲ. ಮದುವೆ ಮನೆಯಲ್ಲಿ ಕ್ಯಾಮೆರಾ ಹಿಡಿದವನು ಹೆಂಗಸರ ಕಡೆ ಬಂದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತಾರೆ. ಹಳೆಯ ಕಾಲದವರು ಹೀಗೇ ಎಂದು ನಾವು ಮಕ್ಕಳು ನಕ್ಕು ಸುಮ್ಮನಾಗುತ್ತಿದ್ದೆವು. ಹೋದ ವರ್ಷ ರಂಜಾನಿನಲ್ಲಿ ಮಾತ್ರ ನಗುವಂತಿರಲಿಲ್ಲ. ಮಧ್ಯಾಹ್ನ ಹಜಾರದಲ್ಲಿ ಚಾಪೆಯ ಮೇಲೆ ನಿದ್ದೆಹೋಗಿದ್ದ ಅವರ ಚಿತ್ರವನ್ನು ನಮ್ಮಲ್ಲೇ ಒಬ್ಬರ ಮಗ ಮೊಬೈಲಿನಲ್ಲಿ ತೆಗೆದು, 'ನಮ್ಮ ದಾದಿ, ನಮ್ಮ ಜನ್ನತ್' ಎಂದು ಬರೆದು ವಾಟ್ಸಾಪಿಗೆ ಹಾಕಿದ. ಸಂಜೆಯ ಹೊತ್ತಿಗೆ ಅದು ಎಕಂಬಾದ ಅರ್ಧ ಊರಿಗೆ ಮುಟ್ಟಿತ್ತು. ಪಕ್ಕದ ಮನೆಯಾಕೆ "ಖಾಲಾ, ನಿಮ್ಮ ಫೋಟೋ ಚೆನ್ನಾಗಿ ಬಂದಿದೆ" ಎಂದಾಗಲೇ ಅಮ್ಮಿಗೆ ವಿಷಯ ತಿಳಿದದ್ದು. ಚಿತ್ರದಲ್ಲಿ ಅವರ ತಲೆಯ ಮೇಲಿನ ಸೆರಗು ಜಾರಿತ್ತು, ಬಾಯಿ ತುಸು ತೆರೆದಿತ್ತು. ಎರಡು ದಿನ ಅವರು ಯಾರೊಂದಿಗೂ ಮಾತನಾಡಲಿಲ್ಲ. ಮೂರನೆಯ ದಿನ ಒಂದೇ ಮಾತು ಕೇಳಿದರು: "ನಾನೇನು ಸತ್ತುಹೋಗಿದ್ದೆನೇ, ಕೇಳದೆ ತೆಗೆಯುವುದಕ್ಕೆ?"

ಹುಡುಗ ಅತ್ತು ಕ್ಷಮೆ ಕೇಳಿದ. ಅಮ್ಮಿ ಕ್ಷಮಿಸಿದರು. ಆದರೆ ಅವರ ಪ್ರಶ್ನೆಗೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಪ್ರೀತಿಯಿಂದ ತೆಗೆದ ಚಿತ್ರದಲ್ಲಿ ತಪ್ಪೇನು ಎಂದು ಒಳಗೊಳಗೇ ಅಂದುಕೊಂಡವರೂ ನಮ್ಮಲ್ಲಿದ್ದರು. ಆ ಪ್ರಶ್ನೆ ಮತ್ತೆ ಎದುರಾದದ್ದು ಹೈದರಾಬಾದಿನ ಅರಮನೆಯೊಂದರಲ್ಲಿ, ನೂರು ವರ್ಷಕ್ಕೂ ಹಳೆಯ ಚಿತ್ರಗಳ ಮುಂದೆ.

ಎಕಂಬಾ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಊರು. ಮಹಾರಾಷ್ಟ್ರದ ಗಡಿ ದೂರವಿಲ್ಲ. ಮನೆಯಲ್ಲಿ ದಖನಿ, ಸಂತೆಯಲ್ಲಿ ಮರಾಠಿ, ಶಾಲೆ ಕಚೇರಿಗಳಲ್ಲಿ ಕನ್ನಡ, ಹೀಗೆ ನಮ್ಮ ದಿನ ಕಳೆಯುತ್ತದೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೂ ದೊಡ್ಡ ಆಸ್ಪತ್ರೆಗೆ, ಮದುವೆಯ ಬಟ್ಟೆಗೆ ನಾವು ಹೋಗುವುದು ಬೆಂಗಳೂರಿಗಲ್ಲ, ಹೈದರಾಬಾದಿಗೆ. ಹೋದ ಚಳಿಗಾಲದಲ್ಲಿ ಅಮ್ಮಿಯ ಕಣ್ಣು ತೋರಿಸಲು ಅಲ್ಲಿಗೆ ಹೋಗಿದ್ದೆವು. ಔರಾದಿನಿಂದ ಬೀದರ್, ಅಲ್ಲಿಂದ ಜಹೀರಾಬಾದ್ ದಾರಿಯ ಬಸ್ಸು. ವೈದ್ಯರು ಎರಡನೆಯ ಕಣ್ಣಿಗೂ ಶಸ್ತ್ರಚಿಕಿತ್ಸೆ ಆಗಬೇಕು, ಅವಸರವಿಲ್ಲ ಎಂದರು. ಮರುದಿನ ಇಡೀ ಹಗಲು ಕೈಯಲ್ಲಿತ್ತು. ಎಂಬತ್ತು ದಾಟಿದ ಅಮ್ಮಿ ಎಂದೂ ಏನನ್ನೂ ಕೇಳುವವರಲ್ಲ. ಅಂದು "ನಿಜಾಮರ ದೇವಡಿ ಒಳಗಿನಿಂದ ನೋಡಬಹುದಂತೆ, ಹೌದೇ?" ಎಂದರು.

ಚಾರ್ಮಿನಾರಿನ ಬಳಿ ಖಿಲ್ವತ್ ಬೀದಿಯಲ್ಲಿದೆ ಚೌಮಹಲ್ಲಾ ಅರಮನೆ. ಆಸಫ್ ಜಾಹಿ ನಿಜಾಮರ ದರ್ಬಾರು ನಡೆಯುತ್ತಿದ್ದ ಜಾಗ. ಬಹುಕಾಲ ಹಾಳುಬಿದ್ದಿದ್ದ ಅರಮನೆಯನ್ನು ರಾಜಕುಮಾರಿ ಎಸ್ರಾ ಅವರ ಮುತುವರ್ಜಿಯಲ್ಲಿ ದುರಸ್ತಿ ಮಾಡಿ ಜನರಿಗೆ ತೆರೆದರು. 2010ರಲ್ಲಿ ಆ ಕೆಲಸಕ್ಕೆ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿಯೂ ಬಂತು. ಶುಕ್ರವಾರ ಬಿಟ್ಟು ಉಳಿದ ದಿನ ಟಿಕೆಟು ಕೊಂಡವರು ಯಾರಾದರೂ ಒಳಗೆ ಹೋಗಬಹುದು. ಖಿಲ್ವತ್ ಮುಬಾರಕ್ ಎಂಬ ದರ್ಬಾರು ಹಾಲಿನಲ್ಲಿ ಬೆಲ್ಜಿಯಂ ಗಾಜಿನ 19 ದೊಡ್ಡ ದೀಪಗುಚ್ಛಗಳು ತೂಗುತ್ತವೆ. ಜನ ಅವುಗಳ ಕೆಳಗೆ ನಿಂತು ಕತ್ತು ಮೇಲೆತ್ತುತ್ತಾರೆ. ಅಮ್ಮಿ ಮೇಲೆ ನೋಡಲಿಲ್ಲ. ಪಕ್ಕದ ಕೋಣೆಗಳ ಗೋಡೆಗಳ ಮೇಲಿದ್ದ ಕಪ್ಪು ಬಿಳುಪು ಚಿತ್ರಗಳ ಕಡೆ ನಡೆದರು.

ಆ ಹಳೆಯ ಹೈದರಾಬಾದನ್ನು ಇಂದಿಗೂ ನಾವು ನೋಡಲು ಸಾಧ್ಯವಾಗಿರುವುದು ಹೆಚ್ಚಾಗಿ ಒಬ್ಬ ಮನುಷ್ಯನಿಂದ. ಆತ ರಾಜಾ ದೀನದಯಾಳ್. 1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದ ಜೈನ ಕುಟುಂಬವೊಂದರಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಕ್ಯಾಮೆರಾದ ಹುಚ್ಚು ಹಿಡಿದು ನೌಕರಿ ಬಿಟ್ಟರು. 1880ರ ದಶಕದ ನಡುವಿನಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. 1894ರಲ್ಲಿ ನಿಜಾಮರು 'ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್' ಎಂದು ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರ ಬರೆಯುವವನು. 1905ರಲ್ಲಿ ತೀರಿಕೊಂಡರು. ಅವರ ಮನೆತನದಲ್ಲಿ ಉಳಿದಿದ್ದ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಕೊಂಡಿತು. 2006ರಲ್ಲಿ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು.

ಆ ಕಾಲದಲ್ಲಿ ಫ್ಯಾಷನ್ ಛಾಯಾಗ್ರಾಹಕ ಎಂಬ ಮಾತು ಇರಲಿಲ್ಲ. ಆದರೆ ದೀನದಯಾಳರ ಸ್ಟುಡಿಯೋದಲ್ಲಿ ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಅದೇ ಕೆಲಸ. ಹಿಂದೆ ಬಣ್ಣ ಬಳಿದ ಪರದೆ, ಪಕ್ಕದಲ್ಲಿ ಕೆತ್ತನೆಯ ಕುರ್ಚಿ, ಎದುರಿಗೆ ಮೂರು ಕಾಲಿನ ದೊಡ್ಡ ಕ್ಯಾಮೆರಾ. ಕೂತವರು ಅಲುಗಾಡದೆ ಉಸಿರು ಹಿಡಿಯಬೇಕು. ಮೈಮೇಲಿನ ಒಂದೊಂದು ಮಡಿಕೆಯೂ ಗಾಜಿನ ತಟ್ಟೆಯ ಮೇಲೆ ಮೂಡುತ್ತದೆ. ನವಾಬರು, ಜಾಗೀರುದಾರರು ಅಲ್ಲಿಗೆ ಹೋದದ್ದು ಮುಖ ತೋರಿಸಲು ಎಷ್ಟೋ, ಉಡುಪು ತೋರಿಸಲೂ ಅಷ್ಟೇ. ದರ್ಬಾರಿಗೆ ತಲೆಗೆ ದಸ್ತಾರ್, ಸೊಂಟಕ್ಕೆ ಬಗ್ಲೂಸ್ ಎಂಬ ಪಟ್ಟಿ ಇರಲೇಬೇಕಿತ್ತು. ಕತ್ತಿನವರೆಗೂ ಗುಂಡಿ ಹಾಕಿದ ಶೇರ್ವಾನಿ, ಹಿಮ್ರೂ ಬಟ್ಟೆಯ ಹೂಬಳ್ಳಿ, ಮುತ್ತಿನ ಸರ. ಸ್ವತಃ ಮಹಬೂಬ್ ಅಲಿ ಖಾನರಿಗೆ ಬಟ್ಟೆಯ ಶೋಕಿ ಎಷ್ಟಿತ್ತೆಂದರೆ, ಪುರಾನಿ ಹವೇಲಿಯಲ್ಲಿ ಅವರ ಉಡುಪಿಗೆಂದೇ ಎರಡು ಅಂತಸ್ತಿನ, ಇಡೀ ಕಟ್ಟಡದುದ್ದಕ್ಕೂ ಸಾಗುವ ಮರದ ಕಪಾಟುಗಳ ಸಾಲು ಇದೆ. ಒಮ್ಮೆ ಉಟ್ಟದ್ದನ್ನು ಇನ್ನೊಮ್ಮೆ ಉಡುತ್ತಿರಲಿಲ್ಲ ಎಂದು ಜನ ಹೇಳುತ್ತಾರೆ. ಅವರ ಮಗ, ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಇದಕ್ಕೆ ತದ್ವಿರುದ್ಧ. ಜಗತ್ತಿನ ಅತಿ ಶ್ರೀಮಂತ ಎನಿಸಿಕೊಂಡವರು ಮಾಸಿದ ಶೇರ್ವಾನಿಯಲ್ಲೂ ಹಳೆಯ ಟೋಪಿಯಲ್ಲೂ ಕಾಲ ಕಳೆದರು.

ಗೋಡೆಯ ಮೇಲಿನ ಆ ಭರ್ಜರಿ ಉಡುಪುಗಳ ನಡುವೆ ಇಲ್ಲದವರ ನೆನಪೂ ನಮಗೆ ಬಂತು. ಔರಂಗಾಬಾದಿನಲ್ಲಿ ಹಿಮ್ರೂ ನೇಯ್ದವರು, ರಾತ್ರಿ ದೀಪದ ಬೆಳಕಿನಲ್ಲಿ ಜರಿ ಹೊಲಿದವರು, ಇಸ್ತ್ರಿ ಮಾಡಿದ ಧೋಬಿ, ನವಾಬರ ಪಕ್ಕದ ಹುಕ್ಕಾ, ಪಾನ್‌ದಾನ್‌ಗಳಿಗೆ ಬೆಳ್ಳಿಯ ತಂತಿ ಬಡಿದು ಕೂರಿಸಿದ ನಮ್ಮ ಬೀದರಿನ ಬಿದರಿ ಕುಶಲಕರ್ಮಿ, ಇವರು ಯಾರೂ ಕುರ್ಚಿಯ ಮೇಲೆ ಕೂತಿರಲಿಲ್ಲ. ಅವರ ಕೈಕೆಲಸ ಚಿತ್ರದಲ್ಲಿದೆ, ಮುಖ ಇಲ್ಲ. ಹೆಂಗಸರೂ ಅಷ್ಟೇ. ನಾವು ನೋಡಿದ ಹಳೆಯ ಚಿತ್ರಗಳ ಸಾಲಿನಲ್ಲಿ ಗಂಡಸರೇ ಗಂಡಸರು.

"ಇವರ ಮನೆಯ ಹೆಂಗಸರು ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲವೇ?" ಎಂದು ಅಮ್ಮಿ ಕೇಳಿದರು.

ತೆಗೆಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಒಬ್ಬರು ಅದನ್ನು ಓದಿಕೊಂಡಿದ್ದರು. 1892ರಲ್ಲಿ ದೀನದಯಾಳರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ. ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ ಅದನ್ನು ನಡೆಸುತ್ತಿದ್ದರು. ಚಿತ್ರ ತೆಗೆಯುವುದರಿಂದ ಹಿಡಿದು ತೊಳೆದು ಕಾಗದಕ್ಕೆ ಇಳಿಸುವವರೆಗೆ ಎಲ್ಲವೂ ಹೆಂಗಸರ ಕೈಯಲ್ಲೇ. ಗೋಷಾ ಪಾಲಿಸುವ ಬೇಗಮರು ಪರದೆ ಕಟ್ಟಿದ ಗಾಡಿಯಲ್ಲಿ ಬಂದು, ತಮಗೆ ಬೇಕಾದ ಉಡುಪಿನಲ್ಲಿ ಕುಳಿತು, ಚಿತ್ರ ತೆಗೆಸಿಕೊಂಡು ಹೋಗಬಹುದಿತ್ತು. ಯಾರ ಕಣ್ಣಿಗೂ ಬೀಳಬಾರದೆಂಬ ಬದುಕಿನಲ್ಲೂ ತನ್ನ ಮುಖವನ್ನು ಕಾಗದದ ಮೇಲೆ ನೋಡಬೇಕೆಂಬ ಆಸೆ ಇತ್ತು. ಆ ಆಸೆಗೆ ಒಂದು ಗೋಡೆಯ ಮರೆ ಬೇಕಿತ್ತು, ಅಷ್ಟೇ.

ಅದು ಹಣವಂತರ ಮನೆಯ ಹೆಂಗಸರಿಗೆ ಮಾತ್ರ ಸಿಕ್ಕ ಮರ್ಯಾದೆ, ನಿಜ. ಆ ಬೇಗಮರಿಗೆ ಗೋಷಾ ತಮ್ಮದೇ ಆಯ್ಕೆಯಾಗಿತ್ತೇ, ಮನೆಯ ಗಂಡಸರ ಆಜ್ಞೆಯಾಗಿತ್ತೇ ಎಂದೂ ಕೇಳಬೇಕು. ಇಷ್ಟೆಲ್ಲ ಕೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಆ ಸ್ಟುಡಿಯೋ, ಚಿತ್ರ ತೆಗೆಯುವ ಮೊದಲು ಎದುರು ಕೂತವಳಿಗೆ ಏನು ಬೇಕು ಎಂದು ಕೇಳಿತ್ತು.

ಅಮ್ಮಿ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಮುಂದೆ ಹೋಗಿ ಒಬ್ಬ ದಿವಾನರ ಚಿತ್ರದ ಮುಂದೆ ನಿಂತರು. ಅದು ಮಹಾರಾಜಾ ಕಿಶನ್ ಪ್ರಸಾದರದು. ಎರಡು ಬಾರಿ ಹೈದರಾಬಾದಿನ ಪ್ರಧಾನಿಯಾಗಿದ್ದ, 'ಶಾದ್' ಹೆಸರಿನಲ್ಲಿ ಉರ್ದು ಕವಿತೆ ಬರೆದ ಹಿಂದೂ ಗಣ್ಯರು. ಅವರ ಮೈಮೇಲೂ ಅದೇ ಶೇರ್ವಾನಿ, ತಲೆಯ ಮೇಲೂ ಅದೇ ದಸ್ತಾರ್. ಹೆಸರು ಓದದಿದ್ದರೆ ಯಾರು ಹಿಂದೂ, ಯಾರು ಮುಸ್ಲಿಂ ಎಂದು ಆ ಗೋಡೆಯ ಮೇಲೆ ಹೇಳುವುದು ಕಷ್ಟ. ಅಮ್ಮಿ ಕನ್ನಡಕ ಸರಿಮಾಡಿಕೊಂಡು ಶೇರ್ವಾನಿಯ ಗುಂಡಿಗಳನ್ನೇ ನೋಡುತ್ತಿದ್ದರು. "ಅಬ್ಬಾಜಾನರದೂ ಹೀಗೇ ಇತ್ತು" ಎಂದರು.

ಹೊರಗೆ ಅಂಗಳದ ಕೊಳದ ಕಟ್ಟೆಯ ಮೇಲೆ ಕೂತು, ನಾವು ಎಂದೂ ಪೂರ್ತಿಯಾಗಿ ಕೇಳದ ಕತೆಯನ್ನು ಅಂದು ಹೇಳಿದರು. ನಮ್ಮ ನಾನಾ ನಿಜಾಮರ ಕಾಲದ ಉರ್ದು ಶಾಲೆಯ ಮಾಸ್ತರರು. ಅವರಿಗಿದ್ದದ್ದು ಒಂದೇ ಒಳ್ಳೆಯ ಶೇರ್ವಾನಿ, ಕಪ್ಪು ಬಣ್ಣದ್ದು. ಒಮ್ಮೆ ಹೈದರಾಬಾದಿಗೆ ಹೋದಾಗ ಯಾವುದೋ ಸ್ಟುಡಿಯೋದಲ್ಲಿ ಅದನ್ನು ತೊಟ್ಟು, ರೂಮಿ ಟೋಪಿ ಇಟ್ಟು ಫೋಟೋ ತೆಗೆಸಿಕೊಂಡಿದ್ದರು. ಚೌಕಟ್ಟು ಹಾಕಿಸಿದ ಆ ಚಿತ್ರ ಮನೆಯ ನಡುಗೋಡೆಯ ಮೇಲಿತ್ತು. ಆಗ ಅಮ್ಮಿಗೆ ಆರು ವರ್ಷ. 1948ರ ಸೆಪ್ಟೆಂಬರ್. ಪೊಲೀಸ್ ಆ್ಯಕ್ಷನ್.

ಅದಕ್ಕೂ ಮುಂಚೆ ಆದದ್ದನ್ನು ನಾವು ಮರೆಯುವಂತಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ನೋವು ಇಂದಿಗೂ ಆ ಊರಿನ ಎದೆಯಲ್ಲಿದೆ. ಸೈನ್ಯ ಬಂದ ಮೇಲೆ ಸೇಡು ತೀರಿಸಿಕೊಂಡದ್ದು, ರಜಾಕಾರರ ಜೊತೆ ಎಂದೂ ಹೋಗದ ಬಡ ಮುಸ್ಲಿಮರ ಮೇಲೂ. ಸುಂದರ್‌ಲಾಲ್ ಸಮಿತಿಯ ವರದಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತ್ತು; ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ಆ ದಿನಗಳಲ್ಲಿ ಶೇರ್ವಾನಿ, ರೂಮಿ ಟೋಪಿ ಕಂಡರೆ ಸಾಕು, ರಜಾಕಾರ ಎಂಬ ಅನುಮಾನ. ಕಿಶನ್ ಪ್ರಸಾದರೂ ನಮ್ಮ ನಾನಾರೂ ಒಂದೇ ರೀತಿ ತೊಟ್ಟ ಉಡುಪು ಹೀಗೆ ಕೆಲವೇ ದಿನಗಳಲ್ಲಿ ಒಂದು ಜಾತಿಯ ಗುರುತಾಗಿ, ಗುರುತಿನಿಂದ ಅಪರಾಧವಾಗಿಬಿಟ್ಟಿತು.

ನಾನಿ ಚೌಕಟ್ಟು ಒಡೆದು ಫೋಟೋವನ್ನು ಒಲೆಗೆ ಹಾಕಿದರು. ಟೋಪಿಯನ್ನೂ ಹಾಕಿದರು. ಶೇರ್ವಾನಿಯನ್ನು ಸುಡಲು ಮನಸ್ಸು ಬರಲಿಲ್ಲ. ಕತ್ತರಿಯಿಂದ ಅಂಗೈಯಗಲದ ತುಂಡು ಮಾಡಿ, ಹಳೆಯ ಸೀರೆಗಳ ಜೊತೆ ಸೇರಿಸಿ ಕೌದಿ ಹೊಲಿದುಬಿಟ್ಟರು. ನಾನಾ ಬದುಕಿ ಉಳಿದರು. ಮುಂದೆ ಇಪ್ಪತ್ತು ವರ್ಷ ಬಾಳಿದರು. ಮತ್ತೆ ಶೇರ್ವಾನಿ ತೊಡಲಿಲ್ಲ, ಫೋಟೋ ತೆಗೆಸಿಕೊಳ್ಳಲಿಲ್ಲ. "ಒಲೆಯಲ್ಲಿ ಅಬ್ಬಾಜಾನರ ಮುಖ ಸುರುಳಿ ಸುತ್ತಿದ್ದು ನನಗೆ ಕಾಣಿಸಿತು, ಬೇಟಾ" ಎಂದರು ಅಮ್ಮಿ. "ಮುಖ ಕಾಗದದ ಮೇಲೆ ಇದ್ದರೆ ಯಾರ ಕೈಗೆ ಸಿಗುತ್ತದೋ, ಯಾರು ಏನು ಮಾಡುತ್ತಾರೋ ಎಂಬ ಹೆದರಿಕೆ ಅಂದು ಹೊಕ್ಕಿದ್ದು ಹೋಗಲೇ ಇಲ್ಲ."

ನಾವು ಇಷ್ಟು ವರ್ಷ ನಕ್ಕದ್ದು ಈ ಹೆದರಿಕೆಗೆ.

ಅಮ್ಮಿಯ ಮೊದಲ ಫೋಟೋ ಯಾವುದು ಎಂದು ಆಗ ಲೆಕ್ಕ ಹಾಕಿದೆವು. ಮದುವೆಯಲ್ಲಿ ತೆಗೆದಿರಲಿಲ್ಲ. ಐವತ್ತು ದಾಟಿದ ಮೇಲೆ ಗುರುತಿನ ಚೀಟಿಗೆಂದು ತೆಗೆದದ್ದೇ ಮೊದಲನೆಯದು. ಸಾಲಿನಲ್ಲಿ ನಿಲ್ಲಿಸಿ, "ಅಜ್ಜಿ, ಸೆರಗು ಹಿಂದಕ್ಕೆ, ಕಿವಿ ಕಾಣಬೇಕು" ಎಂದು ಗದರಿಸಿ ತೆಗೆದ ಚಿತ್ರ. ಆಮೇಲೆ ಬಂದವೂ ಒಂದಲ್ಲ ಒಂದು ಕಾರ್ಡಿನವು. ಎಲ್ಲದರಲ್ಲೂ ಅವರ ಹುಬ್ಬು ಗಂಟಿಕ್ಕಿದೆ. ಅದು ನಮ್ಮ ಅಮ್ಮಿಯ ಮುಖವಲ್ಲ, ಗದರಿಸಿಕೊಂಡ ಯಾರದೋ ಮುಖ.

ಇದು ಎಕಂಬಾದ ಕತೆ ಮಾತ್ರವಲ್ಲ. 1960ರಲ್ಲಿ ಫ್ರೆಂಚರ ಹಿಡಿತದಲ್ಲಿದ್ದ ಅಲ್ಜೀರಿಯಾದಲ್ಲಿ ಮಾರ್ಕ್ ಗರಾಂಜೆ ಎಂಬ ತರುಣ ಸೈನಿಕನಿಗೆ ಹಳ್ಳಿಯ ಹೆಂಗಸರ ಗುರುತಿನ ಚೀಟಿಗೆ ಚಿತ್ರ ತೆಗೆಯುವ ಕೆಲಸ ಬಂತು. ತಲೆವಸ್ತ್ರ, ಮುಸುಕು ತೆಗೆಸಬೇಕೆಂದು ಮೇಲಧಿಕಾರಿಯ ಆಜ್ಞೆ. ಹತ್ತು ದಿನಗಳಲ್ಲಿ ಸುಮಾರು 2,000 ಹೆಂಗಸರು. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಅವರು ಕ್ಯಾಮೆರಾವನ್ನು ದಿಟ್ಟಿಸಿ ನೋಡಿದರು. ಆ ಕಣ್ಣುಗಳಲ್ಲಿದ್ದ ಸಿಟ್ಟನ್ನು ಗರಾಂಜೆ ಮರೆಯಲಾಗಲಿಲ್ಲ. 1982ರಲ್ಲಿ ಆ ಚಿತ್ರಗಳ ಪುಸ್ತಕ ಬಂತು. 2004ರಲ್ಲಿ ಆತ ಮತ್ತೆ ಅಲ್ಜೀರಿಯಾಕ್ಕೆ ಹೋಗಿ ಆ ಹೆಂಗಸರಲ್ಲಿ ಬದುಕಿದ್ದ ಕೆಲವರನ್ನು ಹುಡುಕಿ ಕಂಡರು.

ಇನ್ನೊಂದು ಉದಾಹರಣೆ ನಿಜವಾಗಿಯೂ ಫ್ಯಾಷನ್ ಛಾಯಾಗ್ರಾಹಕನದೇ. ವೋಗ್ ಪತ್ರಿಕೆಯ ಪ್ರಸಿದ್ಧ ಅರ್ವಿಂಗ್ ಪೆನ್ 1948ರ ಡಿಸೆಂಬರಿನಲ್ಲಿ ಪೆರು ದೇಶದ ಕುಸ್ಕೊ ಎಂಬ ಬೆಟ್ಟದೂರಿಗೆ ಹೋಗಿದ್ದರು. ನಾನಾರ ಫೋಟೋ ಸುಟ್ಟ ಅದೇ ವರ್ಷ. ಪೆನ್ ಊರಿನ ಫೋಟೋ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದರು. ಕ್ರಿಸ್ಮಸ್ ಸಮಯವಾದ್ದರಿಂದ ಹಳ್ಳಿಯ ಜನ ಎಂದಿನಂತೆ ಚಿತ್ರ ತೆಗೆಸಿಕೊಳ್ಳಲು ಅಲ್ಲಿಗೆ ಬಂದರು. ಬಂದವರಿಂದ ಹಣ ತೆಗೆದುಕೊಳ್ಳುವ ಬದಲು ಪೆನ್ ಅವರಿಗೇ ಹಣ ಕೊಟ್ಟರು. ಪ್ಯಾರಿಸ್ಸಿನ ಉಡುಪು ತೊಟ್ಟ ಚೆಲುವೆಯರನ್ನು ಎಷ್ಟು ಗಮನದಿಂದ ತೆಗೆಯುತ್ತಿದ್ದರೋ ಅಷ್ಟೇ ಗಮನದಿಂದ ಬರಿಗಾಲಿನ ಆ ಹಳ್ಳಿಗರನ್ನೂ ತೆಗೆದರು. ಹಣ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಯಾಯಿತೆಂದಲ್ಲ; ಆ ಚಿತ್ರಗಳು ದೂರದ ಶ್ರೀಮಂತರ ಪತ್ರಿಕೆಯಲ್ಲಿ ಅಚ್ಚಾಗುವಾಗ ಅವರನ್ನು ಯಾರು ಕೇಳಿದ್ದರು? ಆದರೂ ಆ ಜನ ತಾವೇ ನಡೆದು ಬಂದು ನಿಂತವರು. ಅಲ್ಜೀರಿಯಾದವರು ಎಳೆದು ತಂದು ಕೂರಿಸಲ್ಪಟ್ಟವರು.

ಕ್ಯಾಮೆರಾ ಎರಡೂ ಕಡೆ ಒಂದೇ. ಎದುರಿಗಿದ್ದವರಿಗೆ 'ಬೇಡ' ಎನ್ನುವ ಹಕ್ಕು ಇತ್ತೇ ಇಲ್ಲವೇ ಎಂಬುದರಲ್ಲಿ ವ್ಯತ್ಯಾಸ. ನಮ್ಮ ಹುಡುಗ ಪ್ರೀತಿಯಿಂದಲೇ ತೆಗೆದ, ಆದರೆ ನಿದ್ದೆಯಲ್ಲಿದ್ದವರು 'ಬೇಡ' ಎನ್ನುವುದು ಹೇಗೆ? ಪ್ರೀತಿ ಇದ್ದರೆ ಕೇಳಬೇಕಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅಪರಿಚಿತೆಯರ ಮರ್ಯಾದೆಗಾಗಿ 1892ರಲ್ಲಿ ಒಬ್ಬ ಛಾಯಾಗ್ರಾಹಕ ಗೋಡೆ ಕಟ್ಟಿಸಿದ. ನಮ್ಮ ಸ್ವಂತ ತಾಯಿಗೆ ನಾವು ಒಂದು ಮಾತಿನ ಮರೆಯನ್ನೂ ಕೊಡಲಿಲ್ಲ.

ಈಗ ಹೆಣ್ಣುಮಕ್ಕಳು ಏನು ಉಟ್ಟಿದ್ದಾರೆ, ಏನು ಹೊದ್ದಿದ್ದಾರೆ ಎಂಬುದನ್ನು ಬೀದಿಯಲ್ಲಿ ನಿಂತವರೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಾರೆ. ಪರರು ಹಾಗೆ ಮಾಡಿದಾಗ ನಾವು ಕೆರಳುತ್ತೇವೆ, ಕೆರಳಲೇಬೇಕು. ಆದರೆ ಮದುವೆಯ ಜನಾನಾದೊಳಗೆ ವಿಡಿಯೋ ಮಾಡಿ ಹಂಚುವವರು ನಮ್ಮವರೇ. ಮನೆಯ ಒಳಗೆ ಕೇಳುವ ರೂಢಿ ಇಲ್ಲದವರು ಹೊರಗಿನವರಿಂದ ಅದನ್ನು ನಿರೀಕ್ಷಿಸುವುದು ಯಾವ ಬಾಯಿಯಿಂದ?

ಚೌಮಹಲ್ಲಾದಿಂದ ಹೊರಡುವಾಗ ಕೊಳದ ಮುಂದೆ ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಮ್ಮ ಕೈಯೂ ಜೇಬಿಗೆ ಹೋಯಿತು. ಈ ಸಲ ಕೇಳಿದೆವು: "ಅಮ್ಮಿ, ಒಂದು ತೆಗೆಯಲೇ?" ಅವರು ತಲೆಯಾಡಿಸಿದರು. "ಇಲ್ಲಿ ಬೇಡ. ಇದು ಅವರ ಮನೆ. ನನ್ನದು ನನ್ನ ಮನೆಯಲ್ಲಿ ತೆಗೆಯಿರಿ." ಎಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರು ಫೋಟೋಕ್ಕೆ ಒಪ್ಪಿದ್ದರು ಎಂಬುದು ನಮಗೆ ಬಸ್ಸು ಜಹೀರಾಬಾದ್ ದಾಟಿದ ಮೇಲೆ ಹೊಳೆಯಿತು.

ಎಕಂಬಾಕ್ಕೆ ಮರಳಿದ ಮೂರನೆಯ ದಿನ ಬೆಳಿಗ್ಗೆ ಅವರೇ ಟ್ರಂಕು ತೆಗೆಸಿದರು. ಅಡಿಯಲ್ಲಿ ಕೌದಿ ಇತ್ತು. ಬಣ್ಣ ಮಾಸಿದ ಸೀರೆಯ ತುಂಡುಗಳ ನಡುವೆ ಕಪ್ಪು ಚೌಕಗಳು, ಎಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೂ ಗಟ್ಟಿ. ನಾವು ಚಳಿಗಾಲದಲ್ಲಿ ಎಷ್ಟೋ ಸಲ ಹೊದ್ದು ಮಲಗಿದ್ದ ಕೌದಿ ಅದು, ಅದರಲ್ಲಿ ನಾನಾರ ಶೇರ್ವಾನಿ ಇದೆಯೆಂದು ತಿಳಿಯದೆ. ಹಜಾರದ ಮಂಚದ ಮೇಲೆ ಅದನ್ನು ಹಾಸಿಸಿ, ಬಿಳಿ ಸೀರೆ ಉಟ್ಟು, ಸೆರಗನ್ನು ತಮಗೆ ಬೇಕಾದಷ್ಟು ತಲೆಯ ಮೇಲೆ ಎಳೆದುಕೊಂಡು ಕುಳಿತರು. ಎರಡು ಷರತ್ತು ಹಾಕಿದರು. ತೆಗೆಯಬೇಕಾದವನು ಅದೇ ಹುಡುಗ. ಕಾಗದದ ಮೇಲೆ ಇಳಿಸಿದ ಮೇಲೆ ಮೊಬೈಲಿನಿಂದ ಅಳಿಸಬೇಕು.

ಹುಡುಗ ಮೂರು ಸಲ "ದಾದಿ, ತೆಗೆಯಲೇ?" ಎಂದು ಕೇಳಿದ. ಮೂರನೆಯ ಸಲ ಅವರು ನಕ್ಕರು. ಅದೇ ಚಿತ್ರ ಬಂತು. ಔರಾದಿನ ಸ್ಟುಡಿಯೋದಲ್ಲಿ ಮಕ್ಕಳಿಗೆ ಒಂದೊಂದರಂತೆ ನಾಲ್ಕು ಪ್ರತಿ ಮಾಡಿಸಿ, ಅವರ ಎದುರಿಗೇ ಮೊಬೈಲಿನಿಂದ ಅಳಿಸಿದೆವು. ಹುಬ್ಬು ಗಂಟಿಕ್ಕದ ಅಮ್ಮಿಯ ಮೊದಲ ಚಿತ್ರ ಅದು.

ಈ ಬರಹದ ಜೊತೆಗೆ ಅದನ್ನು ಅಚ್ಚು ಮಾಡಿಸಬಹುದೇ ಎಂದು ಅಮ್ಮಿಯನ್ನು ಕೇಳಿದೆವು. "ಕತೆ ಬೇಕಾದರೆ ಬರೆಯಿರಿ, ಮುಖ ಬೇಡ" ಎಂದರು. ಆದ್ದರಿಂದ ಓದುಗರು ಕ್ಷಮಿಸಬೇಕು, ಆ ಚಿತ್ರ ಇಲ್ಲಿಲ್ಲ.